ಟ್ಯೂಬ್‌ಲೈಟಿನಿಂದ ಎಲ್‌ಇಡಿಗೆ: ಹಳೆಯ ಫಿಟ್ಟಿಂಗ್ ಹೇಳುವ ಚರಿತ್ರೆ

ಹೇಳಿದ ಮಾತು ತಡವಾಗಿ ತಲೆಗೆ ಹೋಗುವವರನ್ನು ‘ಟ್ಯೂಬ್‌ಲೈಟ್’ ಎಂದು ಗೇಲಿ ಮಾಡುವುದು ನಮ್ಮಲ್ಲಿ ರೂಢಿ. ಸ್ವಿಚ್ ಹಾಕಿದೊಡನೆ ಬೆಳಗುವ ಎಲ್‌ಇಡಿ ಕೊಳವೆಗಳನ್ನಷ್ಟೇ ಕಂಡ ಇಂದಿನ ವಿದ್ಯಾರ್ಥಿಗೆ ಈ ಗೇಲಿಯ ಅರ್ಥ ಹೊಳೆಯದೆ ಇರಬಹುದು. ಎರಡು ತುದಿಗಳಲ್ಲಿ ಕೆಂಪಗಾಗಿ, ಎರಡು ಮೂರು ಸಲ ಮಿಣುಕಿ, ಆಮೇಲೆ ಪೂರ್ತಿ ಹೊತ್ತಿಕೊಳ್ಳುತ್ತಿದ್ದ ಆ ದೀಪ ಈಗ ಮರೆಯಾಗುತ್ತಿದೆ. ಆದರೆ ಅದನ್ನು ಹಿಡಿದಿಟ್ಟಿದ್ದ ನಾಲ್ಕು ಅಡಿಯ ಫಿಟ್ಟಿಂಗ್ ಲಕ್ಷಾಂತರ ಶಾಲೆ, ಕಾರ್ಖಾನೆ, ಗ್ಯಾರೇಜುಗಳ ಚಾವಣಿಯಲ್ಲಿ ಇನ್ನೂ ಇದೆ. ಹಳೆಯ ಫಿಟ್ಟಿಂಗಿಗೆ ಹೊಸ ದೀಪ ಹಾಕುವುದು ಸುಲಭದ ಕೆಲಸವೆಂದು ನಾನೂ ಭಾವಿಸಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಾಹನ ಶೆಡ್ಡಿನಲ್ಲಿದ್ದ ಹನ್ನೆರಡು ಟ್ಯೂಬ್‌ಲೈಟುಗಳನ್ನು ಎಲ್‌ಇಡಿಗೆ ಬದಲಾಯಿಸಿದೆವು. ವೈರಿಂಗ್ ಚಿತ್ರ ಬರೆದುಕೊಟ್ಟವನು ನಾನೇ. ಚೋಕ್ ಮತ್ತು ಸ್ಟಾರ್ಟರುಗಳನ್ನು ತೆಗೆಸಿ, ಒಂದು ತುದಿಯ ಹೋಲ್ಡರಿಗೆ ಫೇಸ್, ಇನ್ನೊಂದು ತುದಿಗೆ ನ್ಯೂಟ್ರಲ್ ತಂತಿಯನ್ನು ನೇರವಾಗಿ ಕೊಡಿಸಿದೆ. ಕೆಲವು ತಿಂಗಳ ನಂತರ ಒಂದು ದೀಪ ಕೆಟ್ಟಿತು. ಪ್ರಯೋಗಾಲಯದ ಸಹಾಯಕರು ಕಬ್ಬಿಣದ ಏಣಿ ಹತ್ತಿ, ಹೊಸ ಎಲ್‌ಇಡಿ ಕೊಳವೆಯ ಒಂದು ತುದಿಯನ್ನು ಹೋಲ್ಡರಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಪಿನ್ನುಗಳ ಮೇಲೆ ಬೆರಳಿಟ್ಟು ಒತ್ತಿದರು. ಅವರಿಗೆ ಶಾಕ್ ಹೊಡೆಯಿತು. ಏಣಿಯನ್ನು ಕೆಳಗೊಬ್ಬರು ಹಿಡಿದಿದ್ದುದರಿಂದ ಬೀಳಲಿಲ್ಲ.

“ಸ್ವಿಚ್ ಆಫ್ ಮಾಡೇ ಹತ್ತಿದ್ದೆ ಸಾರ್. ಇಪ್ಪತ್ತು ವರ್ಷದಿಂದ ಹೀಗೇ ಟ್ಯೂಬ್ ಹಾಕ್ತಿದೀನಿ, ಯಾವತ್ತೂ ಹೊಡೆದಿಲ್ಲ” ಎಂದರು ಅವರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಇಪ್ಪತ್ತು ವರ್ಷ ಆಗದಿದ್ದುದು ಆ ದಿನ ಏಕಾಯಿತು? ಉತ್ತರ ನನಗೆ ಹೊಳೆದದ್ದು ಸಂಜೆಯ ಹೊತ್ತಿಗೆ. ಆ ದಿನ ಟ್ಯೂಬ್‌ಲೈಟ್ ನಾನೇ ಆಗಿದ್ದೆ. ಆ ಉತ್ತರ ನಿಮಗೂ ಸ್ಪಷ್ಟವಾಗಬೇಕಾದರೆ ಈ ದೀಪದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಗಾಜಿನ ಕೊಳವೆಯಿಂದ ಮಾರುಕಟ್ಟೆಗೆ

1857ರಲ್ಲಿ ಜರ್ಮನಿಯ ಬಾನ್ ನಗರದ ಗಾಜಿನ ಕುಶಲಕರ್ಮಿ ಹೈನ್‌ರಿಕ್ ಗೈಸ್ಲರ್, ಗಾಳಿಯನ್ನು ಬಹುಪಾಲು ಹೊರತೆಗೆದ ಕೊಳವೆಗಳ ಎರಡು ತುದಿಗಳಿಗೆ ಲೋಹದ ವಿದ್ಯುದ್ವಾರಗಳನ್ನು ಬೆಸೆದ. ಕಡಿಮೆ ಒತ್ತಡದ ಅನಿಲದ ಮೂಲಕ ವಿದ್ಯುತ್ ಹರಿದಾಗ ಕೊಳವೆ ಬಣ್ಣಬಣ್ಣವಾಗಿ ಬೆಳಗಿತು. ಅದಕ್ಕೆ ಐದು ವರ್ಷ ಮೊದಲೇ, 1852ರಲ್ಲಿ, ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಪ್ರತಿದೀಪ್ತಿಯನ್ನು ವಿವರಿಸಿದ್ದ. ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ, ಅದಕ್ಕಿಂತ ಹೆಚ್ಚಿನ ತರಂಗದೂರದ ಗೋಚರ ಬೆಳಕನ್ನು ಸೂಸುತ್ತವೆ. ಅನಿಲದ ವಿದ್ಯುತ್ ವಿಸರ್ಜನೆ ಮತ್ತು ಪ್ರತಿದೀಪ್ತಿ, ಈ ಎರಡೂ ಒಂದೇ ಕೊಳವೆಯಲ್ಲಿ ಸೇರಿ ಮನೆಬಳಕೆಯ ದೀಪವಾಗಲು ಇನ್ನೂ ಎಂಟು ದಶಕ ಬೇಕಾಯಿತು.

ನಡುವೆ ಎಡಿಸನ್ ಕೂಡ ಪ್ರಯತ್ನಿಸಿದ್ದುಂಟು. 1896ರಲ್ಲಿ ಆತ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಲೇಪಿಸಿದ ಕೊಳವೆಯನ್ನು ಎಕ್ಸ್-ಕಿರಣಗಳಿಂದ ಬೆಳಗಿಸುವ ದೀಪವನ್ನು ರೂಪಿಸಿದ. ಆದರೆ ಈ ಕಿರಣಗಳೊಡನೆ ಕೆಲಸ ಮಾಡಿದ ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿಗೆ ಕೈಗಳಲ್ಲಿ ಕ್ಯಾನ್ಸರ್ ಹುಟ್ಟಿ, 1904ರಲ್ಲಿ ಆತ ತೀರಿಕೊಂಡ. ಎಡಿಸನ್ ಎಕ್ಸ್-ಕಿರಣದ ಕೆಲಸವನ್ನೇ ಕೈಬಿಟ್ಟ. 1901ರಲ್ಲಿ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿಯ ದೀಪಕ್ಕೆ ಪೇಟೆಂಟ್ ಪಡೆದ. ಅದರ ಬೆಳಕಿನಲ್ಲಿ ಕೆಂಪು ಅಂಶವೇ ಇರಲಿಲ್ಲ. ನೀಲಿ ಹಸಿರು ಬೆಳಕಿನಲ್ಲಿ ಮನುಷ್ಯರ ಮುಖ ಹೆಣದಂತೆ ಕಾಣುತ್ತಿತ್ತು. ಹಾಗಾಗಿ ಅದು ಕಾರ್ಖಾನೆ ಮತ್ತು ಛಾಯಾಚಿತ್ರ ಸ್ಟುಡಿಯೋಗಳನ್ನು ದಾಟಿ ಮನೆಯೊಳಗೆ ಬರಲಿಲ್ಲ.

1926ರಲ್ಲಿ ಜರ್ಮನಿಯ ಎಡ್ಮಂಡ್ ಗೆರ್ಮರ್ ಮತ್ತು ಇಬ್ಬರು ಸಂಗಡಿಗರು, ಪಾದರಸದ ಆವಿಯಿಂದ ಬರುವ ನೇರಳಾತೀತ ಕಿರಣಗಳನ್ನು ಕೊಳವೆಯ ಒಳಗಿನ ಲೇಪದಿಂದ ಗೋಚರ ಬೆಳಕಾಗಿಸುವ ದೀಪಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅದನ್ನು ಮಾರಾಟಕ್ಕೆ ಯೋಗ್ಯವಾದ ವಸ್ತುವನ್ನಾಗಿ ಮಾಡಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ. ಅದರ ನೇಲಾ ಪಾರ್ಕ್ ಪ್ರಯೋಗಾಲಯದಲ್ಲಿ ಜಾರ್ಜ್ ಇನ್‌ಮನ್ ಮುಂದಾಳುತನದ ತಂಡ 1934ರ ಸುಮಾರಿಗೆ ಕೆಲಸ ಆರಂಭಿಸಿತು. 1938ರಲ್ಲಿ ದೀಪ ಮಾರುಕಟ್ಟೆಗೆ ಬಂತು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನ ಅದನ್ನು ಬೆರಗಿನಿಂದ ನೋಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಗಲಿರುಳು ನಡೆದ ಕಾರ್ಖಾನೆಗಳಿಗೆ ನೆರಳು ಕಡಿಮೆ ಇರುವ ಈ ತಂಪು ಬೆಳಕು ಹೇಳಿ ಮಾಡಿಸಿದಂತಿತ್ತು.

ಚೋಕ್ ಎಂಬ ಮೂಗುದಾರ

ಈ ದೀಪದ ಜೊತೆಗೆ ಎರಡು ಪರಿಕರಗಳೂ ಬಂದವು: ಚೋಕ್ ಮತ್ತು ಸ್ಟಾರ್ಟರ್. ಇವು ಏಕೆ ಬೇಕಾದವು?

ತಣ್ಣಗಿರುವ ಟ್ಯೂಬಿನೊಳಗಿನ ಅನಿಲ ಬಹುಮಟ್ಟಿಗೆ ನಿರೋಧಕ. ಮನೆಯ 230 ವೋಲ್ಟ್ ಅದನ್ನು ಭೇದಿಸಲಾರದು. ಆದರೆ ಒಮ್ಮೆ ವಿಸರ್ಜನೆ ಆರಂಭವಾದರೆ ಪರಿಸ್ಥಿತಿ ತಿರುವುಮುರುವಾಗುತ್ತದೆ. ಪ್ರವಾಹ ಹೆಚ್ಚಿದಷ್ಟೂ ಅಯಾನುಗಳು ಹೆಚ್ಚುತ್ತವೆ, ಅಯಾನುಗಳು ಹೆಚ್ಚಿದಷ್ಟೂ ರೋಧ ಕುಸಿಯುತ್ತದೆ, ರೋಧ ಕುಸಿದಷ್ಟೂ ಪ್ರವಾಹ ಮತ್ತೆ ಏರುತ್ತದೆ. ತರಗತಿಯಲ್ಲಿ ನಾವು ಕಲಿಸುವ ಓಮನ ನಿಯಮ ಇಲ್ಲಿ ನಡೆಯುವುದಿಲ್ಲ. ತಡೆಯುವವರಿಲ್ಲದಿದ್ದರೆ ಕ್ಷಣದಲ್ಲಿ ಟ್ಯೂಬ್ ನಾಶವಾಗುತ್ತದೆ. ಆದ್ದರಿಂದ ಮೊದಲು ಅದನ್ನು ಕೆರಳಿಸಬೇಕು, ಕೆರಳಿದ ಮೇಲೆ ಮೂಗುದಾರ ಹಾಕಬೇಕು. ಎರಡು ಕೆಲಸವನ್ನೂ ಚೋಕ್ ಮಾಡುತ್ತದೆ.

ಸ್ವಿಚ್ ಹಾಕಿದಾಗ ಮೊದಲು ಬೆಳಗುವುದು ಸ್ಟಾರ್ಟರಿನೊಳಗಿನ ಪುಟ್ಟ ಅನಿಲ ದೀಪ. ಅದರ ಶಾಖಕ್ಕೆ ದ್ವಿಲೋಹ ಪಟ್ಟಿ ಬಾಗಿ ಮಂಡಲ ಕೂಡುತ್ತದೆ. ಆಗ ಟ್ಯೂಬಿನ ಎರಡೂ ತುದಿಯ ತಂತುಗಳಲ್ಲಿ ಪ್ರವಾಹ ಹರಿದು, ಅವು ಕಾದು ಎಲೆಕ್ಟ್ರಾನುಗಳನ್ನು ಸೂಸುತ್ತವೆ. ಮಂಡಲ ಕೂಡಿದೊಡನೆ ಸ್ಟಾರ್ಟರಿನ ದೀಪ ಆರುತ್ತದೆ, ಪಟ್ಟಿ ತಣಿದು ಹಿಂದಕ್ಕೆ ಸರಿಯುತ್ತದೆ, ಪ್ರವಾಹ ತಟ್ಟನೆ ಕಡಿಯುತ್ತದೆ. ಫ್ಯಾರಡೆಯ ನಿಯಮದಂತೆ ಚೋಕಿನ ಸುರುಳಿಯಲ್ಲಿ ನೂರಾರು ವೋಲ್ಟುಗಳ ಹೊಡೆತ ಹುಟ್ಟಿ ಟ್ಯೂಬ್ ಹೊತ್ತಿಕೊಳ್ಳುತ್ತದೆ. ಸರಿಯಾದ ಕ್ಷಣಕ್ಕೆ ಹೊಡೆತ ಬೀಳದಿದ್ದರೆ ಮತ್ತೊಂದು ಸುತ್ತು ಇದೇ ನಡೆಯುತ್ತದೆ. ನಾವು ಕಾಣುತ್ತಿದ್ದ ಮಿಣುಕಾಟ ಅದೇ. ಹೊತ್ತಿದ ಮೇಲೆ ಟ್ಯೂಬಿನ ಮೇಲಿನ ವಿಭವಾಂತರ ಸುಮಾರು 100 ವೋಲ್ಟಿಗೆ ಇಳಿಯುತ್ತದೆ. ಪರ್ಯಾಯ ವಿದ್ಯುತ್ತಿಗೆ ಚೋಕ್ ಒಡ್ಡುವ ತಡೆ ಪ್ರವಾಹವನ್ನು 0.43 ಆಂಪಿಯರಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ಬೆಳಕಿನ ಹಿಂದಿನ ಕೈಗಳು

ಮೊದಲ ಕಾಲದ ಟ್ಯೂಬುಗಳಲ್ಲಿ ಸತು ಬೆರಿಲಿಯಂ ಸಿಲಿಕೇಟ್ ಎಂಬ ಫಾಸ್ಫರ್ ಬಳಸುತ್ತಿದ್ದರು. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ಎಂಥ ವಿಷವೆಂಬುದು ಆಗ ತಿಳಿದಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂನಲ್ಲಿ ಟ್ಯೂಬ್ ತಯಾರಿಸುತ್ತಿದ್ದ ಕಾರ್ಮಿಕರು ಒಬ್ಬೊಬ್ಬರಾಗಿ ಉಸಿರಾಟದ ಕಾಯಿಲೆಗೆ ತುತ್ತಾದರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ವೈದ್ಯೆ ಹ್ಯಾರಿಯೆಟ್ ಹಾರ್ಡಿ ಮತ್ತು ಸಂಗಡಿಗರು 1946ರಲ್ಲಿ ಈ ರೋಗಿಗಳ ವಿವರ ಪ್ರಕಟಿಸಿ, ಕಾರಣ ಬೆರಿಲಿಯಂ ಎಂಬುದರತ್ತ ಬೊಟ್ಟುಮಾಡಿದರು. 1949ರಲ್ಲಿ ಅಮೆರಿಕದ ತಯಾರಕರು ಅದರ ಬಳಕೆ ನಿಲ್ಲಿಸಿದರು.

ಅದೃಷ್ಟವಶಾತ್ ಬದಲಿ ವಸ್ತು ಸಿದ್ಧವಾಗಿತ್ತು. 1942ರಲ್ಲಿ ಇಂಗ್ಲೆಂಡಿನ ಮೆಕಿಗ್ ಮತ್ತು ರ‍್ಯಾನ್‌ಬಿ ಎಂಬ ವಿಜ್ಞಾನಿಗಳು ಕ್ಯಾಲ್ಸಿಯಂ ಹ್ಯಾಲೊಫಾಸ್ಫೇಟ್ ಫಾಸ್ಫರನ್ನು ಕಂಡುಹಿಡಿದಿದ್ದರು. ಇದರಲ್ಲಿ ಬೆರೆಸಿದ ಆಂಟಿಮನಿ ನೀಲಿ ಬೆಳಕನ್ನೂ ಮ್ಯಾಂಗನೀಸ್ ಕಿತ್ತಳೆ ಬೆಳಕನ್ನೂ ಕೊಟ್ಟು, ಎರಡೂ ಸೇರಿ ಬಿಳಿಯಾಗುತ್ತಿತ್ತು. ನಮ್ಮ ಶಾಲೆಗಳಲ್ಲಿ ಬೆಳಗಿದ 38 ಮಿಲಿಮೀಟರ್ ದಪ್ಪದ 40 ವ್ಯಾಟ್ ಟ್ಯೂಬುಗಳೂ, ಆಮೇಲೆ ಬಂದ 26 ಮಿಲಿಮೀಟರಿನ 36 ವ್ಯಾಟ್ ಟ್ಯೂಬುಗಳೂ ಬಹುಮಟ್ಟಿಗೆ ಇದೇ ಲೇಪದವು. ಟ್ಯೂಬ್ ತೆಳ್ಳಗಾದರೂ ಉದ್ದ ಮತ್ತು ಪಿನ್ನುಗಳ ಅಂತರ ಬದಲಾಗಲಿಲ್ಲ ಎಂಬುದನ್ನು ಗಮನಿಸಿ. ಹಳೆಯ ಫಿಟ್ಟಿಂಗಿನಲ್ಲಿ ಹೊಸ ದೀಪ ಕೂರಬೇಕೆಂಬ ಒತ್ತಡ ಅಂದಿನಿಂದಲೇ ಇತ್ತು.

ನೀಲಿಗಾಗಿ ಮೂರು ದಶಕ

1962ರಲ್ಲಿ, ಟ್ಯೂಬ್‌ಲೈಟನ್ನು ಮಾರುಕಟ್ಟೆಗೆ ತಂದ ಅದೇ ಜನರಲ್ ಎಲೆಕ್ಟ್ರಿಕ್‌ನ ಇನ್ನೊಂದು ಪ್ರಯೋಗಾಲಯದಲ್ಲಿ ನಿಕ್ ಹೋಲನ್ಯಾಕ್ ಕೆಂಪು ಬೆಳಕು ಸೂಸುವ ಡಯೋಡನ್ನು ತಯಾರಿಸಿದರು. ಬಿಳಿ ಬೆಳಕಿಗೆ ನೀಲಿ ಬೇಕು. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕ ಅದನ್ನು ಕೊಡಬಲ್ಲದೆಂದು ಗೊತ್ತಿದ್ದರೂ, ಅದರ ಒಳ್ಳೆಯ ಹರಳು ಬೆಳೆಸುವುದೂ ಅದನ್ನು ಪಿ-ಮಾದರಿಗೆ ತಿರುಗಿಸುವುದೂ ಕಬ್ಬಿಣದ ಕಡಲೆಯಾಗಿತ್ತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ 1980ರ ದಶಕದಲ್ಲಿ ಈ ಎರಡನ್ನೂ ಸಾಧಿಸಿದರು. ನಿಚಿಯಾ ಕಂಪೆನಿಯ ಶುಜಿ ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ತಂದರು. ಮೂವರಿಗೂ 2014ರ ನೊಬೆಲ್ ಭೌತವಿಜ್ಞಾನ ಪ್ರಶಸ್ತಿ ಸಂದಿತು.

1996ರಲ್ಲಿ ಬಂದ ಬಿಳಿ ಎಲ್‌ಇಡಿಯಲ್ಲಿ ಇರುವುದು ನೀಲಿ ಡಯೋಡ್ ಮತ್ತು ಅದರ ಮೇಲೊಂದು ಹಳದಿ ಫಾಸ್ಫರ್ ಲೇಪ. ಸ್ವಲ್ಪ ನೀಲಿ ಹಾಗೆಯೇ ಹೊರಬರುತ್ತದೆ, ಉಳಿದದ್ದು ಹಳದಿಯಾಗುತ್ತದೆ, ಎರಡೂ ಸೇರಿ ಬಿಳಿ ಕಾಣುತ್ತದೆ. ಅಂದರೆ ಸ್ಟೋಕ್ಸ್ ವಿವರಿಸಿದ ಪ್ರತಿದೀಪ್ತಿ ಎಲ್‌ಇಡಿಯಲ್ಲೂ ಇದೆ. ಹಾಗಿದ್ದರೆ ಲಾಭವೆಲ್ಲಿಂದ ಬಂತು?

ಇದನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಬಹುದು. ಫೋಟಾನಿನ ಶಕ್ತಿ, ಎಲೆಕ್ಟ್ರಾನ್ ವೋಲ್ಟುಗಳಲ್ಲಿ, 1240ನ್ನು ನ್ಯಾನೊಮೀಟರಿನಲ್ಲಿರುವ ತರಂಗದೂರದಿಂದ ಭಾಗಿಸಿದಷ್ಟು. ಟ್ಯೂಬಿನಲ್ಲಿ ಪಾದರಸದ ಪರಮಾಣು ಮುಖ್ಯವಾಗಿ ಕೊಡುವುದು 254 ನ್ಯಾನೊಮೀಟರಿನ ನೇರಳಾತೀತ ಕಿರಣ. ಅದರ ಶಕ್ತಿ ಸುಮಾರು 4.9. ಅದು 550 ನ್ಯಾನೊಮೀಟರಿನ ಬೆಳಕಾದಾಗ ಉಳಿಯುವುದು ಸುಮಾರು 2.25. ಅರ್ಧಕ್ಕಿಂತ ಹೆಚ್ಚು ಶಕ್ತಿ ಲೇಪದಲ್ಲೇ ಶಾಖವಾಗಿ ಹೋಯಿತು. ಎಲ್‌ಇಡಿಯಲ್ಲಿ 450 ನ್ಯಾನೊಮೀಟರಿನ ನೀಲಿ ಫೋಟಾನಿನ ಶಕ್ತಿ ಸುಮಾರು 2.76. ಅದು 2.25 ಆದಾಗ ನಷ್ಟ ಶೇಕಡ 18ರಷ್ಟು ಮಾತ್ರ. ಟ್ಯೂಬ್‌ಲೈಟನ್ನು ಎಷ್ಟು ಸುಧಾರಿಸಿದರೂ ಪಾದರಸದ ಈ ತೆರಿಗೆ ತಪ್ಪುತ್ತಿರಲಿಲ್ಲ.

ಹಳೆಯ ಮನೆ, ಹೊಸ ಒಕ್ಕಲು

ಎಲ್‌ಇಡಿಗೂ ಮೂಗುದಾರ ಬೇಕು. ಡಯೋಡಿನ ಮೇಲಿನ ವೋಲ್ಟೇಜ್ ತುಸು ಏರಿದರೆ ಪ್ರವಾಹ ಹಲವು ಪಟ್ಟು ಏರುತ್ತದೆ. ಪ್ರವಾಹ ಏರಿದಾಗ ಡಯೋಡ್ ಬಿಸಿಯಾಗಿ ಪ್ರವಾಹ ಇನ್ನಷ್ಟು ಏರುತ್ತದೆ. ಇದನ್ನು ತಡೆಯುವುದು ಕೊಳವೆಯೊಳಗೇ ಇರುವ ‘ಡ್ರೈವರ್’ ಎಂಬ ಎಲೆಕ್ಟ್ರಾನಿಕ್ ಮಂಡಲ. ಹೊರಗಿನ ಚೋಕ್ ಈಗ ಅನಗತ್ಯ. ಹೀಗೆ ಒಂದೇ ರೂಪದ ಕೊಳವೆಯ ಒಳಗೂ ಹೊರಗೂ ಸಂಪರ್ಕದ ಕ್ರಮ ಬದಲಾಯಿತು. ತೊಡಕು ಹುಟ್ಟುವುದು ಇಲ್ಲಿಯೇ.

ಈಗ ನಮ್ಮ ಶೆಡ್ಡಿಗೆ ಮರಳೋಣ. ಅಲ್ಲಿನ ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿ ಹಾಕಿದ್ದರು. ಸ್ವಿಚ್ ಆಫ್ ಮಾಡಿದರೂ ಫಿಟ್ಟಿಂಗಿಗೆ ಫೇಸ್ ಬರುತ್ತಲೇ ಇತ್ತು. ಈ ತಪ್ಪು ಇಪ್ಪತ್ತು ವರ್ಷವೂ ಇತ್ತು. ಆದರೆ ಟ್ಯೂಬ್‌ಲೈಟಿನ ಒಂದು ತುದಿಯನ್ನು ಸಿಕ್ಕಿಸಿ ಇನ್ನೊಂದು ತುದಿಯನ್ನು ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ನಡುವೆ ನಾಲ್ಕು ಅಡಿ ಹೊತ್ತದ ಅನಿಲವಿತ್ತು. ಅದು ನಿರೋಧಕ. ಎಲ್‌ಇಡಿ ಕೊಳವೆಯಲ್ಲಿ ಆ ಅನಿಲವಿಲ್ಲ. ಎರಡು ತುದಿಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಬೇರೆಬೇರೆಯಾಗಿ ಬರುವ ಕೊಳವೆಯಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಡ್ರೈವರಿನ ಮೂಲಕ ದಾರಿ ಸದಾ ತೆರೆದಿರುತ್ತದೆ. ಇದನ್ನು ತಡೆಯುವ ರಕ್ಷಣಾ ವ್ಯವಸ್ಥೆ ಕೆಲವು ಕೊಳವೆಗಳಲ್ಲಿರುತ್ತದೆ, ನಾವು ತಂದದ್ದರಲ್ಲಿ ಇರಲಿಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದ ಒಂದು ಕಾವಲನ್ನು ನಾನು ಚೋಕಿನ ಜೊತೆಗೇ ತೆಗೆದುಹಾಕಿದ್ದೆ. ಸ್ವಿಚ್ ಯಾವ ತಂತಿಯಲ್ಲಿದೆ ಎಂದು ಪರೀಕ್ಷಿಸಿರಲಿಲ್ಲ. ಫಿಟ್ಟಿಂಗ್ ಬದಲಾಗಿದೆ ಎಂದು ಅದರ ಮೇಲೆ ಒಂದು ಚೀಟಿ ಕೂಡ ಅಂಟಿಸಿರಲಿಲ್ಲ.

ಇನ್ನೊಂದು ಬಗೆಯ ಕೊಳವೆಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ತುದಿಯಲ್ಲಿ ಕೊಡಬೇಕು. ಇದರಲ್ಲಿ ಮೇಲೆ ಹೇಳಿದ ಅಪಾಯ ಕಡಿಮೆ, ಆದರೆ ಬೇರೆ ಅಪಾಯವಿದೆ. ಹೀಗೆ ಬದಲಾಯಿಸಿದ ಫಿಟ್ಟಿಂಗಿಗೆ ಯಾರಾದರೂ ತಿಳಿಯದೆ ಹಳೆಯ ಟ್ಯೂಬ್ ಹಾಕಿದರೆ, ಒಂದು ತುದಿಯ ತಂತುವಿಗೇ ನೇರವಾಗಿ 230 ವೋಲ್ಟ್ ಬಿದ್ದು ಅದು ಸುಟ್ಟುಹೋಗುತ್ತದೆ. ಚೋಕ್ ತೆಗೆಯದೆ ಸ್ಟಾರ್ಟರ್ ಮಾತ್ರ ಬದಲಾಯಿಸಿ ಹಾಕುವ ಕೆಲವು ಎಲ್‌ಇಡಿ ಕೊಳವೆಗಳಲ್ಲಿ ಒಂದು ತುದಿಯ ಎರಡು ಪಿನ್ನುಗಳು ಒಳಗೇ ಜೋಡಿಸಲ್ಪಟ್ಟಿರುತ್ತವೆ. ಅಂಥ ತುದಿ ಈ ಫಿಟ್ಟಿಂಗಿನ ವಿದ್ಯುತ್ ಇರುವ ಹೋಲ್ಡರಿಗೆ ಹೋದರೆ ನೇರ ಶಾರ್ಟ್ ಸರ್ಕ್ಯೂಟ್. ಹೊರಗಿನಿಂದ ನೋಡಿದರೆ ಈ ಕೊಳವೆಗಳೆಲ್ಲ ಒಂದೇ.

ಅಮೆರಿಕದ ಮನೆಗಳಲ್ಲಿ ಕಾರು ನಿಲ್ಲಿಸುವ ಗ್ಯಾರೇಜೇ ಮನೆಯೊಡೆಯನ ಕಾರ್ಯಾಗಾರವೂ ಹೌದು. ಅಲ್ಲಿಯೂ ನಾಲ್ಕು ಅಡಿಯ ಹಳೆಯ ದೀಪಗಳನ್ನು ಜನ ತಾವೇ ಎಲ್‌ಇಡಿಗೆ ಬದಲಾಯಿಸಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಗ್ಯಾರೇಜ್ ಕೊರೆಯುವಾಗ ಪಾದರಸದ ಆವಿಯ ಒತ್ತಡ ಇಳಿದು ಟ್ಯೂಬ್ ಮಂಕಾಗುತ್ತದೆ, ಎಲ್‌ಇಡಿಗೆ ಈ ತೊಂದರೆಯಿಲ್ಲ. ಅಲ್ಲಿನ ವಿದ್ಯುತ್ 120 ವೋಲ್ಟಿನದು. ನಾಲ್ಕು ಅಡಿಯ ಟ್ಯೂಬಿಗೆ ಅದು ಸಾಲದೆ, ವೋಲ್ಟೇಜ್ ಏರಿಸುವ ‘ಬ್ಯಾಲಸ್ಟ್’ ಎಂಬ ಪೆಟ್ಟಿಗೆ ಬೇಕಾಗುತ್ತಿತ್ತು. 1979ರಲ್ಲಿ ನಿಷೇಧವಾಗುವ ತನಕ ಇಂಥ ಅನೇಕ ಬ್ಯಾಲಸ್ಟುಗಳ ಕೆಪಾಸಿಟರಿನಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುತ್ತಿತ್ತು. ಕೆಲವು ಫಿಟ್ಟಿಂಗುಗಳ ಹೋಲ್ಡರಿನಲ್ಲಿ ಎರಡು ಸಂಪರ್ಕಗಳೂ ಒಳಗೇ ಕೂಡಿಕೊಂಡಿರುತ್ತವೆ. ಅಲ್ಲಿ ಒಂದೇ ತುದಿಗೆ ಎರಡೂ ತಂತಿ ಕೊಡುವಂತಿಲ್ಲ, ಹೋಲ್ಡರನ್ನೇ ಬದಲಾಯಿಸಬೇಕು. ದೇಶ ಬೇರೆಯಾದರೂ ಪಾಠ ಒಂದೇ. ಹಳೆಯ ದೀಪಕ್ಕೆ ಏನೇನು ಬೇಕಾಗಿತ್ತು ಎಂದು ತಿಳಿದವನಿಗೆ ಮಾತ್ರ ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬುದು ತಿಳಿಯುತ್ತದೆ.

ಲಾಭದ ಲೆಕ್ಕ, ಉಳಿದ ಪಾದರಸ

ಬದಲಾವಣೆ ಬೇಡವೆಂದು ನಾನು ಹೇಳುತ್ತಿಲ್ಲ. 36 ವ್ಯಾಟಿನ ಟ್ಯೂಬಿಗೆ ತಾಮ್ರದ ಚೋಕಿನ ನಷ್ಟ ಸುಮಾರು 10 ವ್ಯಾಟ್ ಸೇರಿಸಿದರೆ 46. ಎಲ್‌ಇಡಿ ಕೊಳವೆಗೆ 20. ಹನ್ನೆರಡು ದೀಪ, ದಿನಕ್ಕೆ ಐದು ಗಂಟೆ, ವರ್ಷಕ್ಕೆ 300 ದಿನವೆಂದರೆ 468 ಯೂನಿಟ್ ಉಳಿತಾಯ. ಟ್ಯೂಬ್ ಒಟ್ಟಾರೆ ಹೆಚ್ಚು ಲೂಮೆನ್ ಕೊಡಬಹುದು. ಆದರೆ ಅದು ಸುತ್ತಲೂ ಬೆಳಕು ಚೆಲ್ಲುತ್ತದೆ, ಎಲ್‌ಇಡಿ ಬಹುಪಾಲು ಕೆಳಕ್ಕೇ ಕೊಡುತ್ತದೆ. ಚಾವಣಿ ಎತ್ತರವಿರುವ ಶೆಡ್ಡಿನಲ್ಲಿ ಇದು ಅನುಕೂಲ. ತರಗತಿಯಲ್ಲಿ ಮಾತ್ರ ಮೇಲಿನ ಗೋಡೆಗಳು ತುಸು ಕತ್ತಲೆನಿಸಬಹುದು.

ಭಾರತದಲ್ಲಿ 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಸುಮಾರು ಹತ್ತು ವರ್ಷಗಳಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ವಿತರಣೆಯಾದವು. ಎಲ್‌ಇಡಿ ಟ್ಯೂಬುಗಳು ಸುಮಾರು 72 ಲಕ್ಷ. ಬಲ್ಬು ಬದಲಾಯಿಸಲು ತಿರುಗಿಸುವ ಕೈ ಸಾಕು, ಟ್ಯೂಬಿಗೆ ತಂತಿ ಬಲ್ಲ ಕೈ ಬೇಕು. ಈ ಅಂತರಕ್ಕೆ ಅದೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ಪಾದರಸದ ಬಳಕೆ ಕುಗ್ಗಿಸುವ ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರ ಸಭೆಯಲ್ಲಿ, ನೇರ ಕೊಳವೆಯ ಪ್ರತಿದೀಪ್ತಿ ದೀಪಗಳ ತಯಾರಿಕೆ ಹಾಗೂ ಆಮದು ರಫ್ತನ್ನು 2027ರೊಳಗೆ ಹಂತಹಂತವಾಗಿ ನಿಲ್ಲಿಸಲು ಒಪ್ಪಿವೆ. ಹಾಗಾಗಿ ಉಳಿದ ಫಿಟ್ಟಿಂಗುಗಳ ಸರದಿಯೂ ಬರುತ್ತಿದೆ.

ನಿಮ್ಮ ಶಾಲೆ ಕಾಲೇಜುಗಳಲ್ಲೂ ಈ ಕೆಲಸ ನಡೆಯಲಿದ್ದರೆ ಕೆಲವು ಮಾತು ನೆನಪಿಡಿ. ಗೋಡೆಯ ಸ್ವಿಚ್ಚನ್ನು ನಂಬದೆ ಎಂಸಿಬಿ ಅಥವಾ ಮೇನ್ ಸ್ವಿಚ್ ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿದ ಮೇಲೆಯೇ ಏಣಿ ಹತ್ತಬೇಕು. ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ, ಸ್ವಿಚ್ ಫೇಸ್ ತಂತಿಯಲ್ಲಿದೆಯೇ ಎಂದು ಮೊದಲು ನೋಡಿಸಿ. ಕೊಳವೆಯ ಪೆಟ್ಟಿಗೆಯ ಮೇಲಿನ ವೈರಿಂಗ್ ಚಿತ್ರದಂತೆಯೇ ಜೋಡಿಸಿ, ಒಂದು ಕಟ್ಟಡಕ್ಕೆ ಒಂದೇ ಬಗೆಯ ಕೊಳವೆ ಬಳಸಿ. ಬದಲಾಯಿಸಿದ ಪ್ರತಿ ಫಿಟ್ಟಿಂಗಿನ ಮೇಲೆ “ಚೋಕ್ ತೆಗೆಯಲಾಗಿದೆ. ಇಲ್ಲಿ ಎಲ್‌ಇಡಿ ಮಾತ್ರ. ವಿದ್ಯುತ್ ಈ ತುದಿಯಲ್ಲಿ” ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ತೆಗೆದ ಟ್ಯೂಬುಗಳನ್ನು ಒಡೆಯಬೇಡಿ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸವಿದೆ, ತೀರಾ ಹಳೆಯವುಗಳಲ್ಲಿ ಇನ್ನೂ ಹೆಚ್ಚು. ಕಸದ ರಾಶಿಯಲ್ಲಿ ಒಡೆದರೆ ಅದನ್ನು ಉಸಿರಾಡುವವರು ಕಸ ಆಯುವವರು. ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಈ ದೀಪಗಳೂ ಬರುತ್ತವೆ. ಅಧಿಕೃತ ಸಂಗ್ರಾಹಕರಿಗೇ ಒಪ್ಪಿಸಿ.

ಒಂದು ಚೋಕ್, ಒಂದು ಸ್ಟಾರ್ಟರನ್ನು ಮಾತ್ರ ಪ್ರಯೋಗಾಲಯಕ್ಕೆ ಉಳಿಸಿಕೊಳ್ಳಿ. ಸ್ಟಾರ್ಟರಿನ ಹೊರಡಬ್ಬಿ ಬಿಚ್ಚಿ ದ್ವಿಲೋಹ ಪಟ್ಟಿಯನ್ನು ಮಕ್ಕಳಿಗೆ ತೋರಿಸಿ. ಸ್ವಯಂಪ್ರೇರಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗುವುದು ಕಷ್ಟ.

ನಮ್ಮ ಶೆಡ್ಡಿನ ಸ್ವಿಚ್ಚನ್ನು ಮರುದಿನವೇ ಫೇಸ್ ತಂತಿಗೆ ಬದಲಾಯಿಸಿದೆವು. ಹನ್ನೆರಡು ಫಿಟ್ಟಿಂಗುಗಳ ಮೇಲೂ ಚೀಟಿ ಅಂಟಿಸಿದವರು ಆ ಸಹಾಯಕರೇ. ಹತ್ತುವ ಮುಂಚೆ ಅವರು ಟೆಸ್ಟರನ್ನು ನನ್ನ ಕೈಗೆ ಕೊಟ್ಟು, “ಮೊದಲು ನೀವೇ ನೋಡಿಬಿಡಿ ಸಾರ್” ಎಂದರು. ನಾನು ಎರಡು ಸಲ ನೋಡಿದೆ.